ಓಡಿಸುವವರು ಸಾಕಷ್ಟಿದ್ದಾರೆ, ನಿಲ್ಲುವವರು ಬೇಕು

ದಾವಣಗೆರೆ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗ ಸೀಮೆಯ ನಮ್ಮ ಮನೆಗಳಲ್ಲಿ ‘ಮಣಿಪಾಲಕ್ಕೆ ಕರೆದೊಯ್ದರಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಕೇಳಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಕಾಯಿಲೆ ಊರಿನ ವೈದ್ಯರ ಕೈಮೀರಿದೆ ಎಂಬುದು ಆ ಮಾತಿನ ತಾತ್ಪರ್ಯ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಘಟ್ಟದ ಮೇಲಿನ ಎಷ್ಟು ಕುಟುಂಬಗಳು ಹೀಗೆ ಆಗುಂಬೆಯನ್ನೋ ಬಾಳೆಬರೆಯನ್ನೋ ಇಳಿದು ಬಂದಿವೆಯೋ ಲೆಕ್ಕವಿಟ್ಟವರಿಲ್ಲ. ರಾತ್ರಿಯೆಲ್ಲ ಆಂಬುಲೆನ್ಸಿನಲ್ಲಿ ಕುಳಿತು ಬಂದವರು ಬೆಳಗಿನ ಜಾವ ಅಪರಿಚಿತ ಊರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತಿರುತ್ತಾರೆ. ಮೈಮೇಲಿನ ಬಟ್ಟೆಯ ಹೊರತು ಬೇರೆ ಬಟ್ಟೆ ತಂದಿರುವುದಿಲ್ಲ. ಅಷ್ಟರಲ್ಲಿ, ‘ಎರಡು ಯೂನಿಟ್ ರಕ್ತಕ್ಕೆ ಏರ್ಪಾಡು ಮಾಡಿಕೊಳ್ಳಿ’ ಎಂಬ ಸೂಚನೆ ಬರುತ್ತದೆ. ಯಾರನ್ನು ಕೇಳುವುದು?

ಉದ್ಯೋಗದ ನಿಮಿತ್ತ ಉಡುಪಿ, ಮಣಿಪಾಲ, ಮಲ್ಪೆಯ ಆಸುಪಾಸಿನಲ್ಲಿ ನೆಲೆಸಿರುವ ಶ್ರೀಮಠದ ಕೆಲವು ಭಕ್ತರು ನಾವು. ಇಂತಹ ಕರೆಗಳು ನಮಗೆ ಬರುತ್ತಲೇ ಇರುತ್ತವೆ. ನೆಂಟರ ನೆಂಟರಿಂದ, ಊರಿನ ಶಾಲೆಯ ಮೇಷ್ಟರಿಂದ, ಒಮ್ಮೊಮ್ಮೆ ಹೆಸರನ್ನೇ ಅರಿಯದವರಿಂದ. ಕೈಲಾದದ್ದನ್ನು ಮಾಡುತ್ತಿದ್ದೆವು. ಆಗದಿದ್ದಾಗ ಫೋನ್ ಕೆಳಗಿಟ್ಟು ಬಹಳ ಹೊತ್ತು ಮಂಕಾಗಿ ಕೂರುತ್ತಿದ್ದೆವು. ಮೂರು ವರ್ಷಗಳ ಹಿಂದೆ ಮಲ್ಪೆಯ ಕೆಲವು ಯುವಕರು, ದೂರದಿಂದ ಬರುವ ಬಡ ರೋಗಿಗಳ ನೆರವಿಗಾಗಿ ಬೈಕ್ ರ‍್ಯಾಲಿಯೊಂದನ್ನು ನಡೆಸುವ ಆಲೋಚನೆ ಹೊತ್ತು ನಮ್ಮಲ್ಲಿಗೆ ಬಂದರು. ಸವಾರರನ್ನು ಕಳುಹಿಸಿಕೊಡಿ ಎಂಬುದು ಅವರ ಕೋರಿಕೆ. ನಮ್ಮಲ್ಲಿ ಬೈಕ್ ಓಡಿಸುವವರೇ ಇರಲಿಲ್ಲ. ಇದ್ದದ್ದು ಒಂದು ಹಳೆಯ ಸ್ಕೂಟರ್, ಅದರ ಒಡೆಯರಿಗೆ ಅರವತ್ತೆರಡು ವರ್ಷ. ‘ಓಡಿಸಲಾರೆವು, ದಾರಿಯಲ್ಲಿ ನಿಲ್ಲಬಲ್ಲೆವು’ ಎಂದೆವು. ಆ ಯುವಕರ ಮುಖ ಅರಳಿದ್ದನ್ನು ಕಂಡು ನಮಗೇ ಅಚ್ಚರಿಯಾಯಿತು. ಸವಾರರು ನೂರು ಮಂದಿ ಆಗಲೇ ಸಿಕ್ಕಿದ್ದರಂತೆ. ನಿಲ್ಲಲು ಒಪ್ಪಿದವರು ಅದುವರೆಗೆ ನಾಲ್ವರು ಮಾತ್ರ.

ಈ ಲೇಖನದ ಹುರುಳು ಅಲ್ಲಿಯೇ ಇದೆ. ಸೇವಾರ್ಥವಾದ ಬೈಕ್ ರ‍್ಯಾಲಿಗಳು ಈಗ ಎಲ್ಲ ಊರುಗಳಲ್ಲಿಯೂ ನಡೆಯುತ್ತಿವೆ. ಅವುಗಳ ಆರೋಗ್ಯ, ಅಂದರೆ ಅವು ಜೀವ ಉಳಿಸುತ್ತವೆಯೋ ಜೀವಕ್ಕೆ ಎರವಾಗುತ್ತವೆಯೋ ಎಂಬುದು, ಬೈಕ್ ಏರಿದವರಿಗಿಂತ ಹೆಚ್ಚಾಗಿ ರಸ್ತೆಯ ಬದಿಯಲ್ಲಿ ನಿಂತ ಸ್ವಯಂಸೇವಕರ ಕೈಯಲ್ಲಿದೆ ಎಂಬುದು ಮೂರು ವರ್ಷಗಳ ಅನುಭವದಿಂದ ನಾವು ತಳೆದ ಅಭಿಪ್ರಾಯ.

ದಾರಿಯನ್ನು ಮೊದಲು ಹೇಳಬೇಕು. ಮಲ್ಪೆಯ ಕಡಲತೀರದಿಂದ ಬೆಳಗ್ಗೆ ಆರಕ್ಕೆ ಹೊರಟು ಆದಿಉಡುಪಿ, ಕಲ್ಸಂಕ, ಇಂದ್ರಾಳಿ, ಮಣಿಪಾಲ. ಅಲ್ಲಿಂದ ಪರ್ಕಳ, ಹಿರಿಯಡ್ಕ, ಬೈಲೂರು ಹಾದು ಕಾರ್ಕಳ. ಮತ್ತೆ ನಿಟ್ಟೆ, ಬೆಳ್ಮಣ್‌ ಮೂಲಕ ಪಡುಬಿದ್ರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರದ ಮೇಲೆ ಮರಳಿ ಮಲ್ಪೆಗೆ. ಸುಮಾರು ನೂರು ಕಿಲೋಮೀಟರ್. ನಕ್ಷೆಯಲ್ಲಿ ಸುಲಭವಾಗಿ ಕಾಣುವ ದಾರಿ. ನಿಂತು ನೋಡಿದವರಿಗೆ ಮಾತ್ರ ಅದರ ಗುಣ ತಿಳಿಯುತ್ತದೆ. ಮಲ್ಪೆಯಲ್ಲಿ ಕಡಲತೀರದ ಮರಳು ಗಾಳಿಗೆ ಹಾರಿ ಡಾಂಬರಿನ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಬಂದರಿನಿಂದ ಹೊರಡುವ ಮೀನಿನ ಲಾರಿಗಳು ದಾರಿಯುದ್ದಕ್ಕೂ ನೀರು ಸುರಿಸುತ್ತ ಹೋಗುತ್ತವೆ. ಆ ನೀರು ಬರಿಯ ನೀರಲ್ಲ, ಜಿಡ್ಡು ಬೆರೆತದ್ದು, ತಿರುವಿನಲ್ಲಿ ಚಕ್ರ ಜಾರಲು ಅಷ್ಟೇ ಸಾಕು. ಪರ್ಕಳದ ಇಳಿಜಾರು, ನಿಟ್ಟೆಯ ಕಾಲೇಜು ಮಕ್ಕಳ ಸಂದಣಿ, ಹೆದ್ದಾರಿಗೆ ಸೇರುವ ಪಡುಬಿದ್ರಿಯ ಕೂಡುರಸ್ತೆ ಇವು ಬೇರೆ. ಇಂತಹ ಒಂದೊಂದು ತಾಣದಲ್ಲಿಯೂ ಕೆಂಪು ಬಾವುಟ ಹಿಡಿದ ಇಬ್ಬರು ನಿಂತು, ‘ನಿಧಾನ’ ಎಂದು ಕೈ ತೋರಿದರೆ ನೂರು ಬೈಕುಗಳು ಸುರಕ್ಷಿತವಾಗಿ ದಾಟುತ್ತವೆ. ಕಾರ್ಕಳದ ಗೊಮ್ಮಟ 1432ರಿಂದ ನಿಂತಿದ್ದಾನೆ. ನಾಲ್ಕು ಗಂಟೆ ನಿಂತದ್ದಕ್ಕೇ ನಮ್ಮವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಬಂದರಿನಲ್ಲಿ ದುಡಿಯುವ ಕೊಪ್ಪಳ, ಬಾಗಲಕೋಟೆ ಕಡೆಯ ಕೆಲವು ತರುಣರು ಎರಡನೆಯ ವರ್ಷ ತಾವಾಗಿಯೇ ಬಂದು ಸೇರಿದರು. ನೀರಿನ ಕ್ಯಾನುಗಳನ್ನು ಹೊತ್ತವರು ಅವರು. ಮಣಿಪಾಲದಲ್ಲಿ ತಮ್ಮವರಿಗಾಗಿ ಅಲೆದ ನೆನಪು ಅವರಲ್ಲಿ ಹಲವರಿಗಿತ್ತು.

ಸವಾರರನ್ನು ಒಟ್ಟಾಗಿ ಬಿಡದೆ ಹತ್ತು ಹತ್ತು ಮಂದಿಯ ತಂಡಗಳಾಗಿ ಐದೈದು ನಿಮಿಷದ ಅಂತರದಲ್ಲಿ ಬಿಡುವುದು, ಎಲ್ಲರ ಹಿಂದೆ ನಿಧಾನವಾಗಿ ಬರುವ ಒಂದು ವಾಹನವನ್ನು ಇಡುವುದು, ಪ್ರತಿ ನಿಲ್ದಾಣದಲ್ಲಿಯೂ ತಲೆ ಎಣಿಸುವುದು, ಪ್ರತಿಯೊಬ್ಬರ ಕಿಸೆಯಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ದೂರವಾಣಿ, ಒಗ್ಗದ ಔಷಧ ಇವುಗಳನ್ನು ಬರೆದ ಚೀಟಿ ಇರಿಸುವುದು: ಸ್ವಯಂಸೇವಕರ ಕೆಲಸವೆಂದರೆ ಇಷ್ಟೇ. ಇದರಲ್ಲಿ ಕೀರ್ತಿಯೇನೂ ಇಲ್ಲ. ಪತ್ರಿಕೆಯ ಚಿತ್ರದಲ್ಲಿ ಹಸಿರು ಬಾವುಟ ತೋರಿದ ಗಣ್ಯರಿರುತ್ತಾರೆ. ಮೊದಲು ಮುಟ್ಟಿದವರಿಗೆ ಬಹುಮಾನ ಎಂಬ ಸಲಹೆಯೂ ಒಮ್ಮೆ ಬಂದಿತ್ತು. ಅದನ್ನು ಕೂಡಲೇ ತಳ್ಳಿಹಾಕಿದೆವು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯಂತೆ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಸೇವೆಯ ಲಕ್ಷಣವಂತೂ ಆಗಿರಲಿಲ್ಲ.

ಹೆಲ್ಮೆಟ್ಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಮಡಿದವರ ಸಂಖ್ಯೆ 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹಿಂದೆ ಕುಳಿತವರೆಂದರೆ ಯಾರು? ಮನೆಯ ಹೆಣ್ಣುಮಕ್ಕಳು, ವೃದ್ಧರು, ಶಾಲೆಗೆ ಹೋಗುವ ಮಕ್ಕಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಲ್ಮೆಟ್ ಧರಿಸುವುದರಿಂದ ಸಾವಿನ ಸಂಭವ ಶೇಕಡ 42ರಷ್ಟು, ತಲೆಯ ಗಾಯದ ಸಂಭವ ಶೇಕಡ 69ರಷ್ಟು ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು ಕಂಡುಕೊಂಡಿದ್ದಾರೆ. ಆದರೆ ಅದು ಐ.ಎಸ್. 4151 ಗುರುತುಳ್ಳ, ಕಿವಿಯನ್ನು ಮುಚ್ಚುವ, ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್ ಆಗಿರಬೇಕು. ಪೊಲೀಸರ ಕಣ್ಣಿಗೆಂದು ತಲೆಯ ಮೇಲಿಟ್ಟ ಪ್ಲಾಸ್ಟಿಕ್ ಟೋಪಿ ಬಿದ್ದಾಗ ತಲೆಗಿಂತ ಮೊದಲೇ ಬೇರೆಡೆಗೆ ಹೋಗಿರುತ್ತದೆ.

ಎರಡನೆಯ ವರ್ಷ ನೋಂದಣಿಯ ಮೇಜಿನ ಬಳಿ ಇಂತಹ ಟೋಪಿ ಧರಿಸಿದ ಯುವಕನೊಬ್ಬ ಬಂದ. ರೋಗಿಗಳ ನಿಧಿಗೆ ಎಲ್ಲರಿಗಿಂತ ಹೆಚ್ಚು ಹಣ ಸಂಗ್ರಹಿಸಿ ತಂದವನು ಅವನೇ. ಮನೆಮನೆಗೆ, ಅಂಗಡಿ ಅಂಗಡಿಗೆ ಅಲೆದಿದ್ದ. ಸರಿಯಾದ ಹೆಲ್ಮೆಟ್ ಇಲ್ಲದೆ ಹೊರಡುವಂತಿಲ್ಲ ಎಂಬ ನಿಯಮವನ್ನು ಮೊದಲೇ ತಿಳಿಸಲಾಗಿತ್ತು. ಆದರೂ ನಮ್ಮೊಳಗೇ ಎರಡು ಅಭಿಪ್ರಾಯಗಳಾದವು. ಇಷ್ಟು ದುಡಿದವನನ್ನು ಹೇಗೆ ತಡೆಯುವುದು, ಇದೊಂದು ಸಲ ಬಿಡೋಣ ಎಂದರು ಕೆಲವರು. ಬಿಟ್ಟರೆ ಮಿಕ್ಕ ತೊಂಬತ್ತೊಂಬತ್ತು ಮಂದಿಗೆ ನಿಯಮ ಹೇಳುವ ಬಾಯಿ ನಮಗೆಲ್ಲಿಯದು ಎಂದರು ಮತ್ತೆ ಕೆಲವರು. ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, ‘ನೀನು ಇವತ್ತು ನಮ್ಮ ಜೊತೆ ನಿಲ್ಲಪ್ಪ, ಮುಂದಿನ ವರ್ಷ ನೀನೇ ಮುಂದೆ ಹೊರಡುವೆಯಂತೆ’ ಎಂದರು. ಅವನು ರಸೀದಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ಮರುವರ್ಷವೂ ಬರಲಿಲ್ಲ. ಆ ಹಣದಿಂದ ಮಗುವೊಂದರ ಔಷಧದ ಬಿಲ್ಲು ತೀರಿತು. ಅವನನ್ನು ತಡೆದದ್ದು ಸರಿ ಎಂದೇ ಇಂದಿಗೂ ನಮ್ಮ ನಿಲುವು. ಆದರೆ ನಿಯಮದ ಜೊತೆಗೆ ಎರಡು ಹೆಚ್ಚುವರಿ ಹೆಲ್ಮೆಟ್ಟುಗಳನ್ನು ಇಟ್ಟುಕೊಳ್ಳುವ ಬುದ್ಧಿ ನಮಗಿರಬೇಕಾಗಿತ್ತು. ಈಗ ಆರು ಇಟ್ಟುಕೊಂಡಿದ್ದೇವೆ.

ನಮ್ಮ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೊದಲ ವರ್ಷ, ರಕ್ತದಾನ ಶಿಬಿರವನ್ನೂ ರ‍್ಯಾಲಿಯನ್ನೂ ಒಂದೇ ದಿನ ಇಟ್ಟುಕೊಂಡರೆ ಜನ ಹೆಚ್ಚು ಸೇರುತ್ತಾರೆಂದು ಸಲಹೆ ಕೊಟ್ಟವರು ನಾವೇ. ಆ ವರ್ಷ ಹೊರಟಿದ್ದೇ ಎಂಟು ಗಂಟೆಗೆ. ಅದಕ್ಕೆ ಮುಂಚೆ ಹಲವರು ರಕ್ತ ಕೊಟ್ಟು, ಬಿಸ್ಕತ್ತು ತಿಂದು, ದಪ್ಪ ಜಾಕೆಟ್ ತೊಟ್ಟು ಬೈಕ್ ಏರಿದರು. ಕರಾವಳಿಯ ಬಿಸಿಲು ಘಟ್ಟದ ಮೇಲಿನದರಂತಲ್ಲ; ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಹನ್ನೊಂದರ ಸುಮಾರಿಗೆ ಕಾಪುವಿನಲ್ಲಿ, 1901ರ ಆ ದೀಪಸ್ತಂಭದ ಬಳಿ ಎಲ್ಲರೂ ಇಳಿದಾಗ, ಬೈಕಿನ ಸ್ಟ್ಯಾಂಡ್ ಹಾಕುತ್ತಿದ್ದ ಸವಾರನೊಬ್ಬ ಹಾಗೆಯೇ ಕುಸಿದ. ಕಾಲನ್ನು ಎತ್ತರಕ್ಕಿಟ್ಟು ಮಲಗಿಸಿ, ಜಾಕೆಟ್ ಬಿಚ್ಚಿ ಗಾಳಿ ಬೀಸಿದ ಮೇಲೆ ಕಣ್ಣು ತೆರೆದ. ಹತ್ತು ನಿಮಿಷ ಮೊದಲು ಅವನು ಹೆದ್ದಾರಿಯಲ್ಲಿದ್ದ. ಆ ಹತ್ತು ನಿಮಿಷವನ್ನು ನೆನೆದರೆ ಇಂದಿಗೂ ನಮ್ಮ ಎದೆ ನಡುಗುತ್ತದೆ.

ರಕ್ತ ಕೊಟ್ಟ ದಿನ ನೀರನ್ನು ಧಾರಾಳವಾಗಿ ಕುಡಿದು ವಿಶ್ರಾಂತಿ ಪಡೆಯಬೇಕು, ಭಾರ ಎತ್ತಬಾರದು, ಬಿಸಿಲಿನ ಶ್ರಮ ಸಲ್ಲದು. ಬೈಕಿನ ದೂರಪ್ರಯಾಣವಂತೂ ಕೂಡದು. ಇದು ಯಾವ ವೈದ್ಯರನ್ನು ಕೇಳಿದ್ದರೂ ಹೇಳುತ್ತಿದ್ದ ಮಾತು. ನಾವು ಕೇಳಿರಲಿಲ್ಲ. ಆ ಘಟನೆಯ ನಂತರ ರಕ್ತನಿಧಿಯ ಸಿಬ್ಬಂದಿಯೊಡನೆ ಕುಳಿತು ಮಾತನಾಡಿದಾಗ ಇನ್ನೊಂದು ಸತ್ಯವೂ ತಿಳಿಯಿತು. ಕೆಂಪು ರಕ್ತಕಣಗಳನ್ನು ಶೀತಲದಲ್ಲಿ 35ರಿಂದ 42 ದಿನಗಳವರೆಗೆ ಮಾತ್ರ ಇಡಬಹುದು. ಪ್ಲೇಟ್‌ಲೆಟ್‌ಗಳ ಆಯುಷ್ಯ ಕೇವಲ 5 ದಿನ. ಒಂದೇ ದಿನ ನೂರು ಮಂದಿ ಕೊಟ್ಟರೆ ಆ ವಾರ ಹೊಳೆ ಹರಿಯುತ್ತದೆ. ಮೂರು ತಿಂಗಳ ಮೇಲೆ, ಮಳೆಗಾಲದಲ್ಲಿ ಡೆಂಗೀ ಬಂದು ಪ್ಲೇಟ್‌ಲೆಟ್ ಬೇಕಾದಾಗ, ಕೈಯೊಡ್ಡಬೇಕಾದವರು ಎಲ್ಲೋ ಚದುರಿಹೋಗಿರುತ್ತಾರೆ. ಹಣ ಕೊಟ್ಟು ರಕ್ತದಾನಿಯನ್ನು ತರುವ ಮಾತೇ ಇಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 1998ರ ಜನವರಿ 1ರಿಂದ ಅದು ದೇಶದಲ್ಲಿ ನಿಷಿದ್ಧ.

ಆದ್ದರಿಂದ ಈಗ ರ‍್ಯಾಲಿಯ ದಿನ ಯಾರ ರಕ್ತವನ್ನೂ ತೆಗೆಯುವುದಿಲ್ಲ. ಹೆಸರು ಬರೆದುಕೊಳ್ಳುತ್ತೇವೆ. 18ರಿಂದ 65 ವರ್ಷದೊಳಗಿನ, 45 ಕಿಲೋಗ್ರಾಮಿಗೆ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಗ್ರಾಮಿಗೆ ಇಳಿಯದ ಆರೋಗ್ಯವಂತರು ರಕ್ತ ಕೊಡಬಹುದು. ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ. ಸವಾರರನ್ನು ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ ಎಂಟು ಹತ್ತು ಮಂದಿಯನ್ನು ಕರೆಯುವುದು ನಮ್ಮಲ್ಲಿ ಇಬ್ಬರು ಗೃಹಿಣಿಯರ ಕೆಲಸ. ಮಾಮೂಲಿ ನೋಟುಪುಸ್ತಕ, ಒಂದು ಫೋನು. ರ‍್ಯಾಲಿಯಿಂದ ನಮಗೆ ದೊರೆತ ದೊಡ್ಡ ಲಾಭ ಆ ನೋಟುಪುಸ್ತಕವೇ. ಮಧ್ಯರಾತ್ರಿ ಘಟ್ಟ ಇಳಿದು ಬಂದ ಕುಟುಂಬಕ್ಕೆ ಬೆಳಗಾಗುವುದರೊಳಗೆ ಇಬ್ಬರು ದಾನಿಗಳು ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕ ಸಂದರ್ಭಗಳು ಈಗ ಹಲವಿವೆ.

ಹಾಗಾದರೆ ಬೈಕ್ ಏಕೆ ಬೇಕು ಎಂದು ಭಕ್ತರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನೂರು ಕಿಲೋಮೀಟರಿಗೆ ಒಂದು ಬೈಕ್ ಸುಮಾರು ಇನ್ನೂರೈವತ್ತು ರೂಪಾಯಿಯ ಪೆಟ್ರೋಲ್ ಕುಡಿಯುತ್ತದೆ. ನೂರು ಬೈಕಿಗೆ ಇಪ್ಪತ್ತೈದು ಸಾವಿರ. ಅದನ್ನೇ ರೋಗಿಗೆ ಕೊಡಬಾರದೆ? ಈ ಪ್ರಶ್ನೆಗೆ ನಮ್ಮಲ್ಲಿ ಪೂರ್ಣವಾದ ಉತ್ತರವಿಲ್ಲ. ಕಟಪಾಡಿಯ ಕೂಲಿ ಕಾರ್ಮಿಕ ರವಿ ಕಟಪಾಡಿಯವರನ್ನು ಈ ಜಿಲ್ಲೆಯಲ್ಲಿ ಅರಿಯದವರಿಲ್ಲ. ಅಷ್ಟಮಿಯಂದು ವಿಚಿತ್ರ ವೇಷ ಧರಿಸಿ ಬೀದಿಗಿಳಿದು, ಕೂಡಿದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದವರು ಅವರು. ವೇಷಕ್ಕೂ ಖರ್ಚಿದೆ, ಶ್ರಮವಿದೆ. ಆದರೆ ವೇಷವಿಲ್ಲದೆ ಬರಿಗೈ ಚಾಚಿದ್ದರೆ ಅಷ್ಟು ಜನ ನಿಂತು ನೋಡುತ್ತಿದ್ದರೆ? ಬೈಕು ಈ ಕಾಲದ ಯುವಕರ ವೇಷವೆಂದು ನಾವು ಸಮಾಧಾನ ಹೇಳಿಕೊಂಡಿದ್ದೇವೆ. ವೇಷದ ಖರ್ಚು ಮಾತ್ರ ವೇಷಧಾರಿಯದೇ ಆಗಿರಬೇಕು. ಪೆಟ್ರೋಲು, ಊಟ ಸವಾರರ ಸ್ವಂತದ್ದು. ನಿಧಿಗೆ ಬಂದ ಹಣದಿಂದ ಟೀ ಶರ್ಟು, ಫಲಕ, ಸ್ಮರಣಿಕೆ ಯಾವುದಕ್ಕೂ ಒಂದು ರೂಪಾಯಿ ಕೊಡಕೂಡದು. ಈ ಟೀ ಶರ್ಟಿನ ಸಲುವಾಗಿ ನಡೆದ ವಾಗ್ವಾದವನ್ನು ಬರೆಯಹೊರಟರೆ ಸಂಚಿಕೆಯೇ ಸಾಲದು. ರೋಗಿಯ ಕೈಗೆ ನಗದು ಕೊಡದೆ ಆಸ್ಪತ್ರೆಯಲ್ಲಿ ಅವರ ಬಿಲ್ಲಿಗೇ ಜಮೆ ಮಾಡಿಸಿ ರಸೀದಿಯನ್ನು ಎಲ್ಲರಿಗೂ ತೋರಿಸುವುದು ನಾವು ಪಾಲಿಸುವ ಇನ್ನೊಂದು ಕ್ರಮ.

ಹೊರದೇಶಗಳಲ್ಲಿಯೂ ಇಂತಹ ವೇಷವುಂಟು. 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾರ್ಕ್ ಹವ್ವಾ ಎಂಬವರು ಆರಂಭಿಸಿದ ‘ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್’ನಲ್ಲಿ ಸವಾರರು ಸೂಟು, ಟೈ ಧರಿಸಿ ಹಳೆಯ ಮಾದರಿಯ ಬೈಕುಗಳಲ್ಲಿ ಮೆಲ್ಲಗೆ ಸಾಗುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಅದು ನಡೆಯುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮತ್ತು ಗಂಡಸರ ಮಾನಸಿಕ ಆರೋಗ್ಯ ಇವೆರಡು ಅವರು ಆರಿಸಿಕೊಂಡ ವಿಷಯಗಳು. ಆಯ್ಕೆ ಸೂಕ್ತವಾದದ್ದೆಂದು ನಮಗೆ ತೋರುತ್ತದೆ. ನಮ್ಮ ಮನೆಗಳ ಗಂಡಸರು ಮೂತ್ರದ ತೊಂದರೆಯನ್ನಾಗಲಿ ಮನಸ್ಸಿನ ಭಾರವನ್ನಾಗಲಿ ಹೆಂಡತಿಗೂ ಹೇಳುವುದಿಲ್ಲ. ಬೆಳ್ಮಣ್ಣಿನ ಚಹಾ ನಿಲುಗಡೆಯಲ್ಲಿ ಹೆಲ್ಮೆಟ್ ಕಳಚಿ ಪಕ್ಕದವನೊಡನೆ ತಗ್ಗಿದ ದನಿಯಲ್ಲಿ ಮಾತಿಗಿಳಿದ ನಡುವಯಸ್ಸಿನವರನ್ನು ನಾವು ಕಂಡಿದ್ದೇವೆ.

ನಿಲ್ಲುವವರು ಕಲಿತಿರಬೇಕಾದ ಪ್ರಥಮ ಚಿಕಿತ್ಸೆಯನ್ನೂ ಹೇಳಿಬಿಡುತ್ತೇವೆ. ಇದು ರ‍್ಯಾಲಿಯಿಲ್ಲದ ದಿನವೂ ಬೇಕಾಗುವಂಥದ್ದು. ಬಿದ್ದವರ ಸುತ್ತ ಮೊದಲು ವಾಹನಗಳನ್ನು ತಡೆಯಬೇಕು, 108 ಅಥವಾ 112ಕ್ಕೆ ಕರೆ ಮಾಡಬೇಕು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಎಳೆತವೇ ಅಂಗಗಳ ಸ್ವಾಧೀನ ತಪ್ಪಿಸಬಹುದು. ಬಾಯಿಗೆ ನೀರು ಹಾಕಬಾರದು. ನಮ್ಮ ಜನರ ಮೊದಲ ಕರುಣೆ ನೀರಿನ ಲೋಟವೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ರಕ್ತ ಸುರಿಯುವ ಕಡೆ ಸ್ವಚ್ಛ ಬಟ್ಟೆಯನ್ನು ಮಡಿಸಿ ಒತ್ತಿ ಹಿಡಿಯಬೇಕು, ಆಗಾಗ ಎತ್ತಿ ನೋಡಬಾರದು. ತಲೆಗೆ ಪೆಟ್ಟು ಬಿದ್ದವರು ಎದ್ದು ನಿಂತು ‘ಏನೂ ಆಗಿಲ್ಲ’ ಎಂದರೂ ಮನೆಗೆ ಕಳುಹಿಸದೆ ವೈದ್ಯರಿಗೆ ತೋರಿಸಬೇಕು. ವಾಂತಿ, ಮಂಪರು, ತೊದಲುವಿಕೆ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಪೊಲೀಸ್ ಠಾಣೆ, ನ್ಯಾಯಾಲಯದ ಅಂಜಿಕೆ ಈಗ ಬೇಡ. ನೆರವಾದವರನ್ನು ಪೀಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ವಿಧಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿಯೇ 134ಎ ಎಂಬ ಕಲಂ ಸೇರಿದೆ. ಅದೇ 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ತುಂಡಾದ ಗುಬ್ಬಿ ತಾಲ್ಲೂಕಿನ ಯುವಕ ಹರೀಶ್, ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದವನು, ರಸ್ತೆಯ ಮೇಲೆ ಬಿದ್ದುಕೊಂಡೇ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡ. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗಲೆಂದು ರಾಜ್ಯ ಸರ್ಕಾರ ತಂದ ಯೋಜನೆಗೆ ಅವನ ಹೆಸರನ್ನೇ ಇಡಲಾಯಿತು. ಕೇಂದ್ರ ಸರ್ಕಾರವೂ 2025ರ ಮೇ ತಿಂಗಳಲ್ಲಿ, ಅಪಘಾತದ ದಿನದಿಂದ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ಒದಗಿಸುವ ಯೋಜನೆಯನ್ನು ಪ್ರಕಟಿಸಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ದಿಕ್ಕುತೋಚದೆ ನಿಂತವರಿಗೆ ಇವುಗಳನ್ನು ತಿಳಿಸಲು ಒಬ್ಬರಿದ್ದರೂ ಸಾಕು.

ಶ್ರೀಮಠದ ಭಕ್ತರಿಗೆ ದಾಸೋಹದಲ್ಲಿ ಬಡಿಸಿ, ಎಲೆ ಎತ್ತಿ, ಜಾತ್ರೆಯ ದಿನಗಳಲ್ಲಿ ನೂರಾರು ಜನರನ್ನು ಸಾಲಿನಲ್ಲಿ ಕೂರಿಸಿ ರೂಢಿಯಿದೆ. ಇಲ್ಲಿ ಬೇಕಾಗಿರುವುದು ಅದೇ ಕೈ, ಅದೇ ತಾಳ್ಮೆ. ವಯಸ್ಸಿನ ಅಡ್ಡಿಯಿಲ್ಲ. ಬೈಕ್ ಓಡಿಸಲು ಬಾರದ ತಾಯಂದಿರೇ ನಮ್ಮಲ್ಲಿ ಲೆಕ್ಕವನ್ನೂ ಔಷಧದ ಪೆಟ್ಟಿಗೆಯನ್ನೂ ನೋಡಿಕೊಳ್ಳುತ್ತಿದ್ದಾರೆ. ನಮ್ಮ ಮಕ್ಕಳು ಬೈಕ್ ಕೊಳ್ಳುವುದನ್ನು ನಾವು ತಡೆಯಲಾರೆವು, ಅವರು ರ‍್ಯಾಲಿಗೆ ಹೋಗುವುದನ್ನೂ ತಡೆಯಲಾರೆವು. ಅವರು ದಾಟುವ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಬಲ್ಲೆವು.

ಮುಂದಿನ ರ‍್ಯಾಲಿ ಬರುವ ಫೆಬ್ರವರಿಯಲ್ಲಿ. ಪ್ರಥಮ ಚಿಕಿತ್ಸೆಯ ತರಬೇತಿ ಅದಕ್ಕೆ ಮೂರು ವಾರ ಮೊದಲು. ಕರಾವಳಿಯಲ್ಲಿರುವ ಭಕ್ತರು, ಅಥವಾ ಅಲ್ಲಿ ನೆಂಟರ ಮನೆಯಿದ್ದು ಎರಡು ದಿನ ಬಂದಿರಬಲ್ಲವರು, ಶ್ರೀಮಠದ ಕಚೇರಿಯಲ್ಲಿ ಹೆಸರು ಬರೆಸಬಹುದು. ಪಡುಬಿದ್ರಿಯ ಕೂಡುರಸ್ತೆಗೆ ಇಬ್ಬರು, ಪರ್ಕಳದ ಇಳಿಜಾರಿಗೆ ಇಬ್ಬರು ಬೇಕಾಗಿದ್ದಾರೆ. ಹಿರಿಯಡ್ಕಕ್ಕೆ ಇನ್ನೊಬ್ಬರಾದರೂ ತೀರ ಅಗತ್ಯ. ಕಳೆದ ಸಲ ಅಲ್ಲಿ ಬಾವುಟ, ಕೊಡೆ, ನೀರಿನ ಕ್ಯಾನು ಮೂರನ್ನೂ ಅರವತ್ತೆರಡು ದಾಟಿದ ಆ ಸ್ಕೂಟರಿನ ಒಡೆಯರೊಬ್ಬರೇ ಹಿಡಿದು ನಿಂತಿದ್ದರು.